ಅಂಕಿತ ಯಾರದು? ಪ್ಯಾರಿಸ್ಸಿನ ಉಡುಪಿನ ಮನೆತನಗಳೂ ಅಮೃತಾಪುರದ ರೂವಾರಿಯೂ

ಹರಿದಾಸರ ಪದಗಳ ಕೊನೆಯಲ್ಲಿ ಬರುವ ಅಂಕಿತವು ಹಾಡಿದವನ ಹೆಸರಲ್ಲ, ಅವನ ಸ್ವಾಮಿಯ ಹೆಸರು. ಅದನ್ನು ದಾಸನಾದವನು ತಾನಾಗಿ ಆರಿಸಿಕೊಳ್ಳುವುದೂ ಇಲ್ಲ, ಗುರುವಿನಿಂದ ಪಡೆಯುತ್ತಾನೆ. ವಿಜಯದಾಸರು ಶಿಷ್ಯನಿಗೆ ‘ಗೋಪಾಲವಿಠಲ’ ಎಂಬ ಅಂಕಿತವನ್ನು ಕೊಟ್ಟಾಗ ಅದರಲ್ಲಿ ಮೊದಲ ಮಾತು ಮಾತ್ರ ಹೊಸದು; ಎರಡನೆಯ ಮಾತು ಪುರಂದರವಿಠಲನಿಂದ ಇಳಿದು ಬಂದದ್ದು. ಪರಂಪರೆಯ ಗುರುತೂ ವ್ಯಕ್ತಿಯ ಗುರುತೂ ಒಂದೇ ಸಮಾಸದಲ್ಲಿ ಹೀಗೆ ಕೂಡಿಕೊಂಡಿರುವುದನ್ನು ನಾವು ಕನ್ನಡ ಓದುಗರು ಬಹುಕಾಲದಿಂದ ಬಲ್ಲೆವು. ವಚನಗಳ ಸಂಪಾದನೆಯಲ್ಲಿ ತೊಡಗಿದವರಂತೂ ಅಂಕಿತವೊಂದನ್ನೇ ನೆಚ್ಚಿ ಕರ್ತೃವನ್ನು ನಿರ್ಣಯಿಸುವುದು ಎಷ್ಟು ಅಪಾಯದ ದಾರಿಯೆಂಬುದನ್ನು ಅನುಭವದಿಂದ ಕಂಡುಕೊಂಡಿದ್ದಾರೆ. ಪ್ರಸಿದ್ಧವಾದ ಅಂಕಿತವು ಎಲ್ಲಿದೆಯೋ ಅಲ್ಲಿ ಪ್ರಕ್ಷಿಪ್ತವೂ ಇದೆಯೆಂದು ಊಹಿಸಿಯೇ ಅವರು ಕೆಲಸಕ್ಕೆ ಕೂಡುತ್ತಾರೆ.

ಸಾಹಿತ್ಯದಲ್ಲಿ ಇಷ್ಟು ಎಚ್ಚರದಿಂದಿರುವ ನಾವು ಶಿಲ್ಪದ ಬಳಿಗೆ ಬಂದೊಡನೆ ಆ ಎಚ್ಚರವನ್ನು ಬಾಗಿಲಲ್ಲಿಯೇ ಬಿಟ್ಟು ಒಳಹೊಗುತ್ತೇವೆಂದು ತೋರುತ್ತದೆ. ಹೊಯ್ಸಳ ದೇವಾಲಯದ ಒಂದು ವಿಗ್ರಹದ ಪೀಠದಲ್ಲಿ ಹೆಸರು ಕಂಡರೆ ಆ ಹೆಸರಿನ ಮನುಷ್ಯನೇ ಆ ವಿಗ್ರಹವನ್ನು ಕಡೆದನೆಂದು ನಿಶ್ಚಯಿಸುತ್ತೇವೆ. ಇನ್ನೊಂದು ಊರಿನಲ್ಲಿ ಅದೇ ಹೆಸರು ಕಂಡರೆ ಅವನು ಅಲ್ಲಿಗೂ ಹೋದನೆನ್ನುತ್ತೇವೆ. ಹೀಗೆ ಹೆಸರುಗಳನ್ನು ದಾರದಲ್ಲಿ ಪೋಣಿಸಿ ಒಬ್ಬ ಕಲಾವಿದನ ಜೀವನಚರಿತ್ರೆಯನ್ನು ಕಟ್ಟುತ್ತೇವೆ. ರೂವಾರಿ ಮಲ್ಲಿತಮ್ಮನ ಚರಿತ್ರೆ ಕಟ್ಟಲ್ಪಟ್ಟಿರುವುದು ಹೀಗೆಯೇ. ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಆ ವಿಚಾರಕ್ಕೆ ಪ್ಯಾರಿಸ್ ನಗರದ ಹೆಸರಾಂತ ಉಡುಪಿನ ಮನೆಗಳನ್ನು ಸಾಕ್ಷಿಗೆ ಕರೆಯುತ್ತಿರುವುದು ವಾಚಕರಿಗೆ ಮೊದಲು ವಿಚಿತ್ರವಾಗಿ ಕಾಣಬಹುದು. ಕಾರಣವನ್ನು ಮುಂದೆ ಹೇಳುತ್ತೇವೆ.

ಬೀರೂರಿನಲ್ಲಿ ರೈಲುದಾರಿ ಎರಡಾಗಿ ಒಡೆಯುತ್ತದೆ. ಒಂದು ಅಜ್ಜಂಪುರದ ಕಡೆಗೂ ಇನ್ನೊಂದು ತರೀಕೆರೆಯ ಕಡೆಗೂ ಹೋಗುತ್ತದೆ. ತರೀಕೆರೆಯ ದಾರಿಯನ್ನು ಹಿಡಿದವರಿಗೆ ಆ ಪಟ್ಟಣದ ಸಮೀಪದಲ್ಲಿಯೇ ಅಮೃತಾಪುರ ಸಿಕ್ಕುತ್ತದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಕ್ರಿ. ಶ. 1196ರಲ್ಲಿ ಇಲ್ಲಿಯ ಶಿವಾಲಯವನ್ನು ಕಟ್ಟಿಸಿದನು. ದೇವರು ಅಮೃತೇಶ್ವರನಾದನು, ಊರು ಅಮೃತಾಪುರವಾಯಿತು. ಗರ್ಭಗೃಹವೊಂದೇ, ಅದರ ಮುಂದೆ ಒಂಬತ್ತು ಅಂಕಣಗಳ ಮುಚ್ಚಿದ ಮಂಟಪ, ಅದರ ಮುಂದೆ 29 ಅಂಕಣಗಳ ವಿಶಾಲವಾದ ತೆರೆದ ಮಂಟಪ. ಹೊರಗೋಡೆಯ ಮೇಲೆ ಸಮಾನಾಂತರದಲ್ಲಿ ಕೆತ್ತಿದ ವೃತ್ತಾಕಾರದ ಅಲಂಕಾರಗಳಿವೆ. ಇಂಥ ಪ್ರಾಕಾರ ಹೊಯ್ಸಳ ನಾಡಿನಲ್ಲಿ ಅಪರೂಪ. ಮಂಟಪದ ಹತ್ತಿರ ನಿಂತಿರುವ ದೊಡ್ಡ ಶಾಸನದ ಪದ್ಯಗಳನ್ನು ರಚಿಸಿದವನು ಕವಿ ಜನ್ನ. ಅವನ ‘ಯಶೋಧರ ಚರಿತೆ’ ಹುಟ್ಟುವುದಕ್ಕೆ ಇನ್ನೂ 13 ವರ್ಷಗಳಿದ್ದವು. ಒಂದೇ ಆವರಣದಲ್ಲಿ ಅರಸನ ಹೆಸರು, ದಂಡನಾಯಕನ ಹೆಸರು, ಕವಿಯ ಹೆಸರು ಇವಿಷ್ಟೂ ನಿಚ್ಚಳವಾಗಿ ಓದಲು ಸಿಕ್ಕುತ್ತವೆ. ಶಿಲ್ಪಿಯ ಹೆಸರನ್ನು ಮಾತ್ರ ಕತ್ತೆತ್ತಿ ಹುಡುಕಬೇಕು. ಮಂಟಪದ ಆಳವಾದ ಗುಮ್ಮಟಾಕಾರದ ಭುವನೇಶ್ವರಿಗಳಲ್ಲಿ ಮಲ್ಲಿತಮ್ಮನು ಕೆಲಸ ಮಾಡಿದನೆಂದೂ ಅವನ ವೃತ್ತಿಜೀವನ ಇಲ್ಲಿಂದಲೇ ಮೊದಲಾಯಿತೆಂದೂ ವಿದ್ವಾಂಸರು ಹೇಳುತ್ತಾರೆ.

ಅದೇ ಹೆಸರು ಮುಂದೆ 1246ರಲ್ಲಿ ಹಾಸನ ಜಿಲ್ಲೆಯ ನುಗ್ಗೇಹಳ್ಳಿಯಲ್ಲಿ ಕಾಣುತ್ತದೆ. ಆಮೇಲೆ ಕಾವೇರಿಯ ತೀರದ ಸೋಮನಾಥಪುರದಲ್ಲಿ ಕಾಣುತ್ತದೆ; ಅಲ್ಲಿ ನಲವತ್ತರಷ್ಟು ವಿಗ್ರಹಗಳು ಆ ಹೆಸರನ್ನು ಹೊತ್ತಿವೆ. ಸೋಮನಾಥಪುರದ ಕೇಶವಾಲಯಕ್ಕೆ ಕೆಲವರು 1258ನ್ನೂ ಕೆಲವರು 1268ನ್ನೂ ಹೇಳುವರು. ಯಾವುದನ್ನು ಹಿಡಿದರೂ ಅಮೃತಾಪುರಕ್ಕೂ ಅದಕ್ಕೂ ನಡುವೆ 62 ವರ್ಷಕ್ಕೆ ಕಡಮೆಯಿಲ್ಲದ ಅಂತರವಿದೆ. 1196ರಲ್ಲಿ ಮಲ್ಲಿತಮ್ಮನಿಗೆ ಇಪ್ಪತ್ತು ವರ್ಷವೆಂದು ಇಟ್ಟುಕೊಂಡರೆ ಸೋಮನಾಥಪುರದ ಹೊತ್ತಿಗೆ ಅವನು 82 ವರ್ಷದ ಮುದುಕ. ಬಳಪದ ಕಲ್ಲು ಮೆತ್ತಗಿನದು ನಿಜ. ಆದರೂ ಎಂಬತ್ತು ದಾಟಿದ ಕಣ್ಣು, ಎಂಬತ್ತು ದಾಟಿದ ಮಣಿಕಟ್ಟು, ಒಡವೆಯ ಎಳೆಯ ಹಿಂದೆ ಉಳಿ ತೂರಿಸಿ ನೆರಳು ಬಿಡಿಸುವ ಆ ಕೆಲಸವನ್ನು ನಲವತ್ತು ಸಲ ಮಾಡಿತೆಂದು ನಂಬಬೇಕಾದರೆ ನಮಗೆ ಭಕ್ತಿಯೇ ಬೇಕು, ವಿಮರ್ಶೆ ಸಾಲದು. ಈ ದೀರ್ಘಾಯುಷ್ಯವನ್ನು ಪ್ರಶಂಸೆಯ ವಿಷಯವಾಗಿ ಬರೆದವರೇ ಹೆಚ್ಚು. ಸಂಶಯದ ವಿಷಯವಾಗಿ ಕಂಡವರು ಕಡಮೆ.

ಇನ್ನೊಂದು ಸಂಗತಿ. ಈ ಅಂಕಿತವು ಎಲ್ಲೆಡೆಯೂ ಪೂರ್ತಿಯಾಗಿ ಇರುವುದಿಲ್ಲ. ಒಮ್ಮೆ ‘ಮಲ್ಲಿತಮ್ಮ’, ಒಮ್ಮೆ ‘ಮಲ್ಲಿ’, ಎಷ್ಟೋ ಕಡೆ ಬರಿಯ ‘ಮ’. ಸೋಮನಾಥಪುರದಲ್ಲಿಯೇ ಮಸಣಿತಮ್ಮನೆಂಬ ಇನ್ನೊಬ್ಬ ಶಿಲ್ಪಿಯ ಹೆಸರು ಉಂಟು. ಚೌಡೆಯ, ಬಾಲೆಯ, ನಂಜಯ ಮೊದಲಾದವರ ಹೆಸರುಗಳೂ ಉಂಟು. ಒಂಟಿ ‘ಮ’ಕಾರವು ಮಲ್ಲಿತಮ್ಮನದೇ, ಮಸಣಿತಮ್ಮನದಲ್ಲ, ಎಂದು ತೀರ್ಮಾನಿಸುವುದಕ್ಕೆ ಅಕ್ಷರವೊಂದೇ ಆಧಾರವಾಗಲಾರದು. ‘ಮಲ್ಲಿ’ ಎಂದು ಮೊದಲಾಗುವ ಹೆಸರುಗಳಂತೂ ಆ ಕಾಲದ ಕನ್ನಡ ನಾಡಿನಲ್ಲಿ ಹೇರಳವಾಗಿದ್ದವು. ಬೇಲೂರಿನ ಶಿಲ್ಪಿಗಳಲ್ಲಿಯೇ ಒಬ್ಬ ಮಲ್ಲಿಯಣ್ಣನಿದ್ದಾನೆ. ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ ಮೇಲೆಯೂ 1919ರಲ್ಲಿ ಬೇಲೂರಿನ ಮೇಲೆಯೂ ಹೊರತಂದ ಗ್ರಂಥಗಳಲ್ಲಿ ಈ ಹೆಸರುಗಳನ್ನು ಲೋಕಕ್ಕೆ ತೋರಿಸಿದ ಉಪಕಾರ ದೊಡ್ಡದು. ‘ಕರ್ಣಾಟಕ ಕವಿಚರಿತೆ’ಯನ್ನು ಬರೆದ ಕೈಯೇ ಇವನ್ನೂ ಬರೆಯಿತು. ಕವಿಗಳಿಗೆ ಚರಿತೆಯಿರುವಂತೆ ಶಿಲ್ಪಿಗಳಿಗೂ ಚರಿತೆ ಇರಬೇಕೆಂಬ ಆಸೆ ಆಮೇಲಿನವರಲ್ಲಿ ಮೂಡಿದ್ದು ಸಹಜ. ಆದರೆ ಕಾವ್ಯವನ್ನು ಒಬ್ಬನು ಬರೆಯುತ್ತಾನೆ, ಗುಡಿಯನ್ನು ಒಬ್ಬನು ಕಟ್ಟುವುದಿಲ್ಲ.

ಒಂದು ಕಾರ್ಯಾಗಾರದ ಹೆಸರು ಅದರ ಮೂಲಪುರುಷನ ಕೈ ಬಿಟ್ಟುಹೋದ ಮೇಲೆ ಹೇಗೆ ವರ್ತಿಸುತ್ತದೆ? ಹೊಯ್ಸಳ ಕಾಲದ ಲೆಕ್ಕಪತ್ರಗಳಿಂದ ಇದಕ್ಕೆ ಉತ್ತರ ದೊರೆಯುವಂತಿಲ್ಲ. ಅದು ದೊರೆಯಬೇಕಾದರೆ ಹುಟ್ಟಿದ ದಿನ, ಸತ್ತ ದಿನ, ಉತ್ತರಾಧಿಕಾರಿಯ ನೇಮಕ, ಪ್ರತಿಯೊಂದು ಋತುವಿನ ಕೆಲಸದ ಚಿತ್ರ, ಇವೆಲ್ಲ ಉಳಿದಿರುವ ಮನೆಗಳನ್ನೇ ನೋಡಬೇಕು. ಪ್ಯಾರಿಸ್ಸಿನ ಉಡುಪಿನ ಮನೆಗಳು ಅಂಥವು. ಅವುಗಳ ಸರಕಿನ ಬೆಲೆಯಾಗಲಿ ಅದನ್ನು ಉಡುವವರ ಸಿರಿಯಾಗಲಿ ನಮಗೆ ಇಲ್ಲಿ ಪ್ರಸ್ತುತವಲ್ಲ. ಅವು ತಮ್ಮನ್ನು ‘ಮನೆ’ ಎಂದೇ ಕರೆದುಕೊಳ್ಳುವುದೂ, ಆ ಮನೆಗೆ ಒಬ್ಬ ಮನುಷ್ಯನ ಹೆಸರಿರುವುದೂ, ಕೆಲಸವನ್ನೆಲ್ಲ ಬೇರೆ ನೂರಾರು ಕೈಗಳು ಮಾಡುವುದೂ ನಮಗೆ ಪ್ರಸ್ತುತ.

ಆ ಪರಂಪರೆಗೆ ಮೂಲಪುರುಷನೆನಿಸಿದವನು ಫ್ರೆಂಚನಲ್ಲ, ಆಂಗ್ಲೇಯ. ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬವನು 1858ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದು, ತಾನು ಹೊಲಿಸಿದ ಉಡುಪಿನ ಒಳಮಗ್ಗುಲಲ್ಲಿ ತನ್ನ ಹೆಸರಿನ ಪಟ್ಟಿಯನ್ನು ಹೊಲಿಸತೊಡಗಿದನು. ಚಿತ್ರಕಾರನು ಪಟದ ಮೂಲೆಯಲ್ಲಿ ಸಹಿ ಹಾಕುವಂತೆ ದರ್ಜಿಯೂ ಸಹಿ ಹಾಕಬಹುದೆಂದು ತೋರಿಸಿದ್ದು ಅವನ ಹೆಚ್ಚುಗಾರಿಕೆ. ಆದರೆ ಆ ಸಹಿ ಮೊದಲ ದಿನದಿಂದಲೇ ಸುಳ್ಳಿನ ಅಂಶವನ್ನು ಒಳಗೊಂಡಿತ್ತು: ಪಟ್ಟಿಯಲ್ಲಿರುವ ಹೆಸರಿನವನು ಆ ಹೊಲಿಗೆಯನ್ನು ಹಾಕಿರಲಿಲ್ಲ. ‘ಇದಕ್ಕೆ ನಾನು ಹೊಣೆ’ ಎಂಬುದಷ್ಟೇ ಅದರ ಅರ್ಥ.

ಲೂಯಿ ವಿತಾನ್ ಎಂಬ ಪೆಟ್ಟಿಗೆ ಮಾಡುವವನು 1854ರಲ್ಲಿ ತನ್ನ ಮನೆಯನ್ನು ಸ್ಥಾಪಿಸಿದನು. ಅವನು ಸತ್ತದ್ದು 1892ರಲ್ಲಿ. ಅವನ ಹೆಸರಿನ ಮೊದಲ ಅಕ್ಷರಗಳೆರಡನ್ನು ಹೆಣೆದು ಹೂಗಳ ನಡುವೆ ಅಚ್ಚೊತ್ತಿದ ಬಟ್ಟೆ ಇಂದು ಲೋಕದಲ್ಲೆಲ್ಲ ಗುರುತಾಗಿದೆಯಷ್ಟೆ. ಅದನ್ನು ಹೊರತಂದವನು ಮಗ ಜಾರ್ಜ್, 1896ರಲ್ಲಿ, ತಂದೆ ಸತ್ತ ನಾಲ್ಕು ವರ್ಷಗಳ ಮೇಲೆ. ಕಳ್ಳನಕಲುಗಳನ್ನು ತಡೆಯುವುದು ಅವನ ಉದ್ದೇಶವಾಗಿತ್ತು. ತಂದೆಯ ಇನಿಷಿಯಲ್ಲು ತಂದೆಯ ಕೈಯಿಂದ ಬಂದದ್ದಲ್ಲ ಎಂಬುದು ನಮಗೆ ಮುಖ್ಯವಾದ ಸಾಕ್ಷಿ. ನಾಳೆ ದಾಖಲೆಗಳೆಲ್ಲ ಅಳಿದು ಪೆಟ್ಟಿಗೆಗಳು ಮಾತ್ರ ಉಳಿದರೆ, ಮುಂದಿನ ಕಾಲದ ಸಂಶೋಧಕನು ಆ ಎರಡಕ್ಷರಗಳನ್ನು ಕಂಡು ಲೂಯಿ ವಿತಾನನಿಗೆ ಇನ್ನೂರು ವರ್ಷದ ಆಯುಷ್ಯವನ್ನು ಕೊಟ್ಟಾನು.

ಡಿಯೋರ್ ಮನೆಯ ಕಥೆ ಇನ್ನೂ ಸ್ಪಷ್ಟ. ಕ್ರಿಸ್ತಿಯಾನ್ ಡಿಯೋರ್ 1947ರ ಫೆಬ್ರವರಿ 12ರಂದು ತನ್ನ ಮೊದಲ ಉಡುಪುಗಳನ್ನು ಜನರ ಮುಂದೆ ಇಟ್ಟನು. ಯುದ್ಧಕಾಲದ ಬಟ್ಟೆಯ ಬಿಗಿಯಿಂದ ಬೇಸತ್ತಿದ್ದವರಿಗೆ ಬಿಗಿದ ಸೊಂಟವೂ ಯಥೇಚ್ಛವಾಗಿ ನೆರಿಗೆ ಹಿಡಿದ ಅಗಲವಾದ ಲಂಗವೂ ಹೊಸ ಋತುವಿನಂತೆ ಕಂಡವು. ಅಮೆರಿಕದ ಪತ್ರಿಕಾ ಸಂಪಾದಕಿಯೊಬ್ಬಳ ಬಾಯಿಂದ ಬಂದ ‘ನ್ಯೂ ಲುಕ್’ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಹತ್ತು ವರ್ಷ ಕಳೆದು, 1957ರ ಅಕ್ಟೋಬರಿನಲ್ಲಿ ಅವನು ತೀರಿಕೊಂಡನು. 21 ವರ್ಷದ ಈವ್ ಸೇಂಟ್ ಲಾರೆಂಟ್ ಆ ಪೀಠಕ್ಕೆ ಬಂದನು. ಅವನ ತರುವಾಯ ಮಾರ್ಕ್ ಬೊಹಾನ್ ಸುಮಾರು ಮೂರು ದಶಕ ಆ ಮನೆಯನ್ನು ನಡೆಸಿದನು. ಬಳಿಕ ಫೆರೆ, ಗ್ಯಾಲಿಯಾನೊ, ರಾಫ್ ಸಿಮನ್ಸ್, 2016ರಿಂದ 2025ರವರೆಗೆ ಮರಿಯಾ ಗ್ರಾಟ್ಸಿಯಾ ಕ್ಯೂರಿ, 2025ರಲ್ಲಿ ಜೊನಾಥನ್ ಆಂಡರ್ಸನ್. ಆ 78 ವರ್ಷಗಳಲ್ಲಿ ಪಟ್ಟಿಯಲ್ಲಿರುವ ಹೆಸರಿನವನು ಬದುಕಿದ್ದದ್ದು ಹನ್ನೊಂದು ವರ್ಷಕ್ಕಿಂತ ಕಡಮೆ. ಎಲ್ಲರಿಗಿಂತ ಹೆಚ್ಚು ಕಾಲ ದುಡಿದ ಬೊಹಾನನ ಹೆಸರನ್ನು ಕೇಳಿದವರು ಎಲ್ಲರಿಗಿಂತ ಕಡಮೆ. ಹೆಸರು ಮಾಡದೆ ಕೆಲಸ ಮಾಡುವುದೂ ಒಂದು ಗುಣವೆಂಬುದನ್ನು ಉಡುಪಿನ ಪತ್ರಿಕೆಗಳು ಒಪ್ಪುವಂತಿಲ್ಲ.

ಡಿಯೋರ್ ಮನೆಯ ಶೈಲಿಯ ಬಗ್ಗೆ ನಮಗೆ ಒಂದು ಆಕ್ಷೇಪವಿದೆ. ಆ ಮನೆಯ ಸ್ವತ್ತೆಲ್ಲ ಒಂದು ಆಕಾರದಲ್ಲಿ ಅಡಗಿದೆ: 1947ರ ಬಿಗಿದ ಸೊಂಟ, ಅರಳಿದ ಲಂಗ. ಬಂದವರೆಲ್ಲ ಆ ಒಂದು ಚಿತ್ರವನ್ನು ತಿದ್ದಬೇಕು, ಇಲ್ಲವೆ ಅದಕ್ಕೆ ಬೆನ್ನು ತಿರುಗಿಸಬೇಕು. ಎರಡರಲ್ಲಿಯೂ ಆ ಚಿತ್ರದ ಹಂಗು ತಪ್ಪುವುದಿಲ್ಲ. ಶನೆಲ್ ಮನೆಯದು ಬೇರೆ ಪರಿ. ಗಬ್ರಿಯೆಲ್ ಶನೆಲ್ 1910ರಲ್ಲಿ ಟೋಪಿ ಅಂಗಡಿಯಿಂದ ಮೊದಲು ಮಾಡಿದಳು. ಗಂಡಸರ ಒಳಉಡುಪಿಗೆ ಬಳಸುತ್ತಿದ್ದ ಜರ್ಸಿ ಬಟ್ಟೆಯನ್ನು ಹೆಂಗಸರ ಮೇಲುಡುಪಿಗೆ ತಂದಳು. 1939ರಲ್ಲಿ ಮನೆ ಮುಚ್ಚಿ, 1954ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ಮತ್ತೆ ತೆರೆದಳು. ಅವಳ ಟ್ವೀಡ್ ಕೋಟಿನ ಗುಟ್ಟು ಕಣ್ಣಿಗೆ ಕಾಣುವ ಅಂಚಿನ ಪಟ್ಟಿಯಲ್ಲಿಲ್ಲ. ಅಸ್ತರಿನ ಒಳಗೆ, ಕೋಟಿನ ಕೆಳಅಂಚಿನುದ್ದಕ್ಕೂ, ಒಂದು ತೆಳುವಾದ ಲೋಹದ ಸರಪಣಿಯನ್ನು ಹೊಲಿದಿರುತ್ತಾರೆ. ಅದರ ಭಾರದಿಂದ ಮೆತ್ತನೆಯ ಬಟ್ಟೆ ನೇರವಾಗಿ ಇಳಿಬೀಳುತ್ತದೆ. ಇದು ಆಕಾರವಲ್ಲ, ಉಪಾಯ. ಉಪಾಯವನ್ನು ಕಲಿಸಬಹುದು, ಆದ್ದರಿಂದಲೇ ಅದು ಉಳಿಯುತ್ತದೆ. ಅವಳು 1971ರಲ್ಲಿ ತೀರಿಕೊಂಡ ಮೇಲೆ ಮನೆ ಕೆಲಕಾಲ ಮಂಕಾಗಿದ್ದು, 1983ರಲ್ಲಿ ಬಂದ ಕಾರ್ಲ್ ಲಾಗರ್‌ಫೆಲ್ಡ್ 2019ರಲ್ಲಿ ಸಾಯುವವರೆಗೆ ಅದನ್ನು ನಡೆಸಿದನು. ಅವನು ಶನೆಲ್‌ಳ ಕಪ್ಪು ಬಿಳುಪನ್ನೂ ಕಮೀಲಿಯ ಹೂವನ್ನೂ ಸರಪಣಿಯನ್ನೂ ಎಷ್ಟೋ ಸಲ ಪರಿಹಾಸ್ಯಕ್ಕೆ ಈಡುಮಾಡುವಷ್ಟು ದೂರ ಎಳೆದನು. ಹಾಗೆ ಎಳೆದರೂ ಹರಿಯಲಿಲ್ಲ. ಒಳಗೆ ಹೊಲಿದ ಸರಪಣಿ ಒಳಗೇ ಇತ್ತು.

ಎರ್ಮೆಸ್ ಮನೆ 1837ರಲ್ಲಿ ಕುದುರೆಯ ಸಜ್ಜು ಮಾಡುತ್ತ ಹುಟ್ಟಿದ್ದು. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎದುರುಬದುರಾಗಿ ಹಾಯಿಸುವ ಜೀನಿನ ಹೊಲಿಗೆ ಅವರ ನಿಜವಾದ ಅಂಕಿತ. ಒಂದು ಹೊಲಿಗೆ ಕಿತ್ತರೂ ಉಳಿದವು ಬಿಚ್ಚಿಕೊಳ್ಳುವುದಿಲ್ಲ. ಅವರ ಕೈಚೀಲದ ಮೇಲೆ ಮನೆಯ ಹೆಸರು ಎಲ್ಲರಿಗೂ ಕಾಣುವಂತಿರುತ್ತದೆ. ಅದನ್ನು ಹೊಲಿದವನ ಗುರುತು ಬೇರೆಯೇ ಇದ್ದು, ಹುಡುಕಿದವರಿಗೆ ಮಾತ್ರ ಸಿಕ್ಕುವಂತೆ ಚರ್ಮದಲ್ಲಿ ಒತ್ತಿರುತ್ತದೆ. ಮುಂದೆ ಎಂದಾದರೂ ರಿಪೇರಿಗೆ ಬಂದರೆ ಯಾರ ಕೆಲಸವೆಂದು ತಿಳಿಯಬೇಕು, ಅಷ್ಟೆ. ಭುವನೇಶ್ವರಿಯ ಮೂಲೆಯ ‘ಮ’ಕಾರವೂ ಇಂಥದೇ ಇರಬಹುದೇ ಎಂಬ ಪ್ರಶ್ನೆ ನಮಗೆ ಹೊಳೆದದ್ದು ಇಲ್ಲಿ.

ಬಾಲೆನ್ಸಿಯಾಗನ ಉದಾಹರಣೆಯನ್ನು ಬಿಡುವಂತಿಲ್ಲ, ಏಕೆಂದರೆ ಅದು ನಮ್ಮ ವಾದಕ್ಕೆ ಎದುರುಸಾಕ್ಷಿ. ಸ್ಪೇನಿನಿಂದ ಬಂದು 1937ರಲ್ಲಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಕ್ರಿಸ್ತೊಬಾಲ್ ಬಾಲೆನ್ಸಿಯಾಗನು ತಾನೇ ಅಳೆದು, ತಾನೇ ಕತ್ತರಿಸಿ, ತಾನೇ ಹೊಲಿಯಬಲ್ಲವನಾಗಿದ್ದನು. ಬಟ್ಟೆಗೂ ಮೈಗೂ ನಡುವೆ ಗಾಳಿಯಾಡುವ ಜಾಗವನ್ನು ಬಿಡುವುದು ಅವನ ಕೌಶಲ. ಕತ್ತಿನಿಂದ ಹಿಂದಕ್ಕೆ ಸರಿದ ಕಾಲರು, ಸೊಂಟವನ್ನೇ ಲೆಕ್ಕಿಸದೆ ಗೋಣಿಯಂತೆ ಇಳಿಬಿಟ್ಟ 1957ರ ನಿಲುವಂಗಿ ಇವೆಲ್ಲ ಆ ಜಾಗದಿಂದಲೇ ಹುಟ್ಟಿದವು. ಅವನು ಯಾರಿಗೂ ಪಟ್ಟಕಟ್ಟದೆ 1968ರಲ್ಲಿ ಮನೆಯ ಬಾಗಿಲನ್ನು ಮುಚ್ಚಿದನು, 1972ರಲ್ಲಿ ತೀರಿಕೊಂಡನು. ಕೈ ಇಲ್ಲದ ಮೇಲೆ ಹೆಸರೂ ಬೇಡವೆಂಬ ನಿಲುವು ಇದಕ್ಕಿಂತ ಸ್ಪಷ್ಟವಾಗಿ ಇರಲಾರದು. ಹೆಸರು ಮಾತ್ರ ಕೇಳಲಿಲ್ಲ. ಬೇರೆಯವರ ಕೈಗೆ ಹೋಗಿ ಮತ್ತೆ ಎದ್ದಿತು. 2021ರಲ್ಲಿ, 53 ವರ್ಷಗಳ ಮೇಲೆ, ಆ ಹೆಸರಿನಲ್ಲಿ ಮೇಲ್ದರ್ಜೆಯ ಕೈಹೊಲಿಗೆಯ ಉಡುಪುಗಳು ಪುನಃ ಹೊರಬಂದವು. ಮನೆಯೊಡೆಯನು ಸ್ವತಃ ಕೊನೆಗಾಣಿಸಿದ ಅಂಕಿತವೇ ನಿಲ್ಲದೆ ಹೋದಾಗ, ಹಾಗೇನೂ ಮಾಡದಿದ್ದ ಮಲ್ಲಿತಮ್ಮನ ಅಂಕಿತ ಅವನ ಉಸಿರಿನೊಡನೆ ನಿಂತಿತೆಂದು ಭಾವಿಸುವುದಕ್ಕೆ ಏನು ಕಾರಣ?

ಈ ಮನೆಗಳನ್ನು ನೋಡಿದ ಮೇಲೆ ನಮಗೆ ತೋರುವುದಿಷ್ಟು. ಅಂಕಿತವೆಂಬುದು ಮೂರು ಆಳಗಳಲ್ಲಿ ಇರುತ್ತದೆ. ಮೇಲ್ಮೈಯಲ್ಲಿರುವುದು ಹೆಸರು ಅಥವಾ ಲಾಂಛನ. ಅದನ್ನು ಯಾರಾದರೂ ಒತ್ತಬಹುದು. ಅದರ ಕೆಳಗಿರುವುದು ಆಕಾರ. ಅದನ್ನು ನೋಡಿ ಅನುಕರಿಸಬಹುದು. ಎಲ್ಲಕ್ಕೂ ಕೆಳಗಿರುವುದು ಕೆಲಸದ ರೀತಿ. ಅದನ್ನು ಪಕ್ಕದಲ್ಲಿ ಕುಳಿತು ವರ್ಷಗಟ್ಟಲೆ ಕಲಿಯದೆ ಪಡೆಯುವಂತಿಲ್ಲ. ಮನೆತನವೊಂದರ ನಿಜವಾದ ಆಸ್ತಿ ಮೂರನೆಯದರಲ್ಲಿದೆ. ವ್ಯಕ್ತಿಯ ಗುರುತು ಸಿಕ್ಕುವುದಾದರೂ ಅಲ್ಲಿಯೇ, ಆ ಕಲಿತ ರೀತಿಯನ್ನು ಅವನು ಎಲ್ಲಿ ಸ್ವಲ್ಪ ಮುರಿದನೆಂಬುದರಲ್ಲಿಯೇ.

ಅಮೃತಾಪುರವನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಬಹುದು. ಶುಕನಾಸಿಯ ಮೇಲೆ ಸಳನು ಸಿಂಹವನ್ನು ಇರಿಯುವ ಮೂಲ ವಿಗ್ರಹ ಇಂದಿಗೂ ನಿಂತಿದೆ. ಇದು ರಾಜಮನೆತನದ ಲಾಂಛನ. ವಿತಾನ್ ಪೆಟ್ಟಿಗೆಯ ಮೇಲಿನ ಜೋಡಕ್ಷರದಂತೆ ಹೊಣೆಯನ್ನು ಸಾರುತ್ತದೆ, ಕೈಯನ್ನು ತೋರಿಸುವುದಿಲ್ಲ. ಅಧಿಷ್ಠಾನದಲ್ಲಿ ಐದು ಪಟ್ಟಿಕೆಗಳಿವೆ; ಹಳೇಬೀಡಿನಲ್ಲಿಯೂ ಮುಂದೆ ಸೋಮನಾಥಪುರದಲ್ಲಿಯೂ ಕಾಣುವ ಆನೆ, ಕುದುರೆ, ಬಳ್ಳಿಗಳ ತುಂಬು ಸಾಲುಗಳು ಇಲ್ಲಿಲ್ಲ. ಶಿಖರದ ಕೆಳಗೆ ಗೋಡೆಯುದ್ದಕ್ಕೂ ಇರಬೇಕಾದ ದೇವತೆಗಳ ದೊಡ್ಡ ವಿಗ್ರಹಗಳ ಸಾಲೂ ಇಲ್ಲ. ಪಶ್ಚಿಮದ ವಿದ್ವಾಂಸನಾದ ಗೆರಾರ್ಡ್ ಫೋಕೆಮನು ಈ ಪಟ್ಟಿಕೆಗಳ ಕ್ರಮವನ್ನು ಹೊಯ್ಸಳ ಶೈಲಿಯ ಹಳೆಯ ರೂಪವೆಂದು ಗುರುತಿಸಿದ್ದಾನೆ. ಹೊಸ ರೂಪ ಅದಾಗಲೇ ಬಳಕೆಗೆ ಬಂದಿದ್ದರೂ ತರೀಕೆರೆಯ ಕಡೆಯ ಈ ಕಾರ್ಯಾಗಾರವು ಹಳೆಯದನ್ನು ಹಿಡಿದುಕೊಂಡಿತ್ತು. ಇದನ್ನು ಹಿಂದುಳಿಯುವಿಕೆಯೆಂದು ನಾವು ಕರೆಯುವುದಿಲ್ಲ. ಮಂಟಪದ ಒಳಗೆ ತಿರುಗಣೆಯಲ್ಲಿ ಕಡೆದು ಹೊಳಪುಕೊಟ್ಟ ಕಂಬಗಳ ಸಾಲಿನ ನಡುವೆ ನಿಂತವರಿಗೆ ಈ ಕೆಲಸಗಾರರು ಯಾವುದರಲ್ಲಿ ಮನಸ್ಸಿಟ್ಟಿದ್ದರೆಂಬುದು ತಾನಾಗಿ ತಿಳಿಯುತ್ತದೆ. ಗೋಡೆಯನ್ನು ಖಾಲಿ ಬಿಟ್ಟು ನೆರಳನ್ನು ಕಡೆದಿದ್ದಾರೆ.

ತೆರೆದ ಮಂಟಪದ ಜಗತಿಯ ಹೊರಮೈಯಲ್ಲಿ 140 ಫಲಕಗಳಿವೆ, ಇತರ ಹೊಯ್ಸಳ ಗುಡಿಗಳ ಕಿರುಸಾಲುಗಳಿಗಿಂತ ಗಾತ್ರದಲ್ಲಿ ದೊಡ್ಡವು. ದಕ್ಷಿಣದಲ್ಲಿ 70 ಫಲಕಗಳ ರಾಮಾಯಣ. ಉತ್ತರದಲ್ಲಿ 25 ಫಲಕಗಳ ಕೃಷ್ಣಕಥೆ, 45 ಫಲಕಗಳ ಮಹಾಭಾರತ. ಉತ್ತರದ ಕಥೆಗಳು ಪ್ರದಕ್ಷಿಣೆಯ ಕ್ರಮದಲ್ಲಿಯೇ ಸಾಗುತ್ತವೆ. ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ಸಾಗುತ್ತದೆ. ಇದನ್ನು ಬರೆದವರೆಲ್ಲ ‘ಅಸಾಮಾನ್ಯ’ವೆಂದು ಹೇಳಿ ಮುಂದಕ್ಕೆ ಹೋಗುತ್ತಾರೆ. ನಾವು ಅಲ್ಲಿಯೇ ಸ್ವಲ್ಪ ನಿಲ್ಲಬೇಕೆನ್ನುತ್ತೇವೆ. ಪ್ರದಕ್ಷಿಣೆಯಲ್ಲಿ ದಕ್ಷಿಣದ ಗೋಡೆಯ ಪಕ್ಕದಲ್ಲಿ ಪಶ್ಚಿಮಕ್ಕೆ ನಡೆಯುತ್ತೇವೆ, ಉತ್ತರದ ಪಕ್ಕದಲ್ಲಿ ಪೂರ್ವಕ್ಕೆ. ರಾಮಾಯಣವನ್ನು ತಿರುಗಿಸಿದ್ದರಿಂದ ಏನಾಯಿತು? ಎರಡು ಕಡೆಯ ಕಥೆಗಳೂ ಪೂರ್ವಕ್ಕೇ ಮುಖಮಾಡಿ, ಒಂದಕ್ಕೊಂದು ಸಮನಾಗಿ, ಜೊತೆಯಾಗಿ ನಡೆದವು. 70ಕ್ಕೆ ಎದುರು 25 ಮತ್ತು 45, ಅಂದರೆ ಎಪ್ಪತ್ತೇ. ಒಂದು ಉಡುಪನ್ನು ಬೆನ್ನಿನ ನಡುಗೆರೆಯಿಂದ ಅಳೆದು ಎರಡು ತೋಳುಗಳನ್ನೂ ಸಮಮಾಡುವ ಕಣ್ಣು ಇಲ್ಲಿ ಕೆಲಸ ಮಾಡಿದೆ. ಸಂಪ್ರದಾಯವು ನಡೆಯುವವನ ಕಾಲನ್ನು ಅನುಸರಿಸೆಂದಿತು. ಇಲ್ಲಿ ಯೋಜಿಸಿದವನು ಕಟ್ಟಡದ ಮೈಯನ್ನು ಅನುಸರಿಸಿದನು. ಇದಕ್ಕಿಂತ ದೊಡ್ಡ ಸಹಿ ಆ ಗುಡಿಯಲ್ಲಿಲ್ಲ. ಅದರ ಕೆಳಗೆ ಯಾರ ಹೆಸರೂ ಇಲ್ಲ.

ನುಗ್ಗೇಹಳ್ಳಿ ಇದಕ್ಕೆ ಪೂರಕವಾದ ಪಾಠವನ್ನು ಹೇಳುತ್ತದೆ. ಅಲ್ಲಿಯ ಲಕ್ಷ್ಮೀನರಸಿಂಹಾಲಯದಲ್ಲಿ ದಕ್ಷಿಣದ ಕೆಲಸ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ನಕ್ಷೆ ಒಂದು, ಕಲ್ಲು ಒಂದು, ವಿಷಯಗಳ ಪಟ್ಟಿ ಒಂದು, ಕೈಗಳು ಎರಡು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮದನಿಕೆಗಳ ಕೆಳಗೆ ತಮ್ಮ ಹೆಸರನ್ನು ಬೇರೆಬೇರೆಯಾಗಿ ಕೊರೆದಿದ್ದಾರೆ. ತಂದೆಯ ಮನೆಯಲ್ಲಿ ಕಲಿತ ಮಗನು ತಂದೆಯ ಹೆಸರಿನ ಹಿಂದೆ ಅಡಗದೆ ತನ್ನದೇ ಹೆಸರನ್ನು ಇಟ್ಟುಕೊಂಡ ಉದಾಹರಣೆಯೂ ನಮ್ಮಲ್ಲಿ ಉಂಟೆಂದಾಯಿತು. ಹೀಗಿರುವುದರಿಂದ ಎಲ್ಲ ಅಂಕಿತವೂ ಮನೆಯದೇ ಎಂದು ನಾವು ವಾದಿಸುತ್ತಿಲ್ಲ. ಬೇಲೂರಿನ ಪೂರ್ಣವಾದ ಹೆಸರು, ಊರು, ತಂದೆಯ ಉಲ್ಲೇಖ, ಇವು ವ್ಯಕ್ತಿಯ ಮಾತುಗಳು. ಆರು ದಶಕ ಮೀರಿ, ಹತ್ತಾರು ಹರದಾರಿ ದೂರಕ್ಕೂ ಹರಡಿದ ‘ಮಲ್ಲಿ’, ‘ಮ’ ಎಂಬ ಹ್ರಸ್ವವಾದ ಗುರುತುಗಳು ಮನೆಯ ಮಾತುಗಳು. ಮೊದಲ ಮಲ್ಲಿತಮ್ಮನೊಬ್ಬನು ಅಮೃತಾಪುರದಲ್ಲಿ ಇದ್ದಿರಲೇಬೇಕು. ಸೋಮನಾಥಪುರದ ‘ಮ’ಕಾರಗಳಲ್ಲಿ ಹೆಚ್ಚಿನವು ಅವನ ಮಕ್ಕಳ, ಶಿಷ್ಯರ ಉಳಿಯಿಂದ ಬಂದವೆಂಬುದು ನಮ್ಮ ಅಭಿಪ್ರಾಯ.

ಪಾಠಪುಸ್ತಕದ ಒಬ್ಬ ಮಹಾಶಿಲ್ಪಿಯನ್ನು ಇದರಿಂದ ಕಳೆದುಕೊಳ್ಳುತ್ತೇವೆಂದು ಕೆಲವರಿಗೆ ಬೇಸರವಾಗಬಹುದು. ಪತ್ರಿಕೆಗಳಲ್ಲಿ ‘ರೂವಾರಿ’ ಎಂಬ ಮಾತು ಯಾವುದೋ ಯೋಜನೆಯನ್ನು ಒಬ್ಬನೇ ರೂಪಿಸಿದ ಧುರೀಣನಿಗೆ ಅನ್ವಯವಾಗುತ್ತಿರುವುದೂ ಇದೇ ಮನೋಧರ್ಮದ ಗುರುತು. ಕಳೆದುಕೊಳ್ಳುವುದು ಒಬ್ಬನನ್ನು; ಅವನ ನೆರಳಿನಲ್ಲಿ ಹೆಸರಿಲ್ಲದೆ ನಿಂತಿದ್ದ ಎರಡು ಮೂರು ತಲೆಮಾರಿನವರನ್ನು ಪಡೆಯುತ್ತೇವೆ. ಇದು ಹಳೆಯ ಕಾಲದ ಮಾತು ಮಾತ್ರವೂ ಅಲ್ಲ. ಪ್ಯಾರಿಸ್ಸಿನ ಉಡುಪುಗಳ ಮೇಲಿನ ಕಸೂತಿಯಲ್ಲಿ ಎಷ್ಟೋ ಭಾಗ ಮುಂಬಯಿ ಚೆನ್ನೈಗಳಲ್ಲಿ, ಚೌಕಟ್ಟಿಗೆ ಬಿಗಿದ ಬಟ್ಟೆಯ ಸುತ್ತ ಕುಳಿತು ಆರಿಯ ಕೊಕ್ಕೆಯಿಂದ ಸರಪಣಿ ಹೊಲಿಗೆ ಹಾಕುವವರ ಕೈಯಿಂದ ಬರುತ್ತದೆ. 2023ರ ಮಾರ್ಚಿ 30ರಂದು ಡಿಯೋರ್ ಮನೆಯವರು ತಮ್ಮ ಪ್ರದರ್ಶನವನ್ನು ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಮುಂದೆ ನಡೆಸಿ, ತಮಗಾಗಿ ಕಸೂತಿ ಮಾಡುವ ಚಾಣಕ್ಯ ಎಂಬ ಸಂಸ್ಥೆಯ ಹೆಸರನ್ನು ಬಹಿರಂಗವಾಗಿ ಹೇಳಿದರು. ಸಂಸ್ಥೆಯ ಹೆಸರು ಹೊರಬಂದದ್ದು ಒಳ್ಳೆಯದೇ. ಸೂಜಿ ಹಿಡಿದವರ ‘ಮ’ಕಾರ ಇನ್ನೂ ಎಲ್ಲಿಯೂ ಬಿದ್ದಿಲ್ಲ. ನಮ್ಮ ಮೈಸೂರು ರೇಷ್ಮೆಯಾದರೂ ಬೇರೆಯಲ್ಲ. 1912ರಲ್ಲಿ ಹುಟ್ಟಿದ ಮೈಸೂರಿನ ಕಾರ್ಖಾನೆಯ ಸೀರೆಗೆ ಇಂದು ಕಸೂತಿಯ ಸಂಖ್ಯೆಯೂ ಹೊಳೆಯುವ ಮುದ್ರೆಯೂ ಇರುತ್ತವೆ. ಅವು ಸೀರೆ ಅಸಲಿಯೆಂದು ಹೇಳುತ್ತವೆ, ನೇಯ್ದವರು ಯಾರೆಂದು ಉಟ್ಟವಳಿಗೆ ಹೇಳುವುದಿಲ್ಲ.

ಹೆಸರೂ ವಸ್ತುವೂ ಬೇರೆಯಾಗುವ ಈ ಆಟಕ್ಕೆ ಕಡೂರು ಸೀಮೆಯೇ ಒಂದು ಒಳ್ಳೆಯ ನಿದರ್ಶನ. ಜಿಲ್ಲೆಯ ಮುಖ್ಯಸ್ಥಳ 1865ರಲ್ಲಿಯೇ ಚಿಕ್ಕಮಗಳೂರಿಗೆ ಹೋಯಿತು. ‘ಕಡೂರು ಜಿಲ್ಲೆ’ ಎಂಬ ಹೆಸರು ಮಾತ್ರ 1947ರವರೆಗೆ ಉಳಿಯಿತು. ಅಮೃತಾಪುರದ ಶಾಸನವನ್ನು ಹುಡುಕುವವರು ಇಂದಿಗೂ ರೈಸ್ ಸಾಹೇಬರು 1901ರಲ್ಲಿ ಪ್ರಕಟಿಸಿದ ‘ಕಡೂರು ಜಿಲ್ಲೆ’ಯ ಸಂಪುಟವನ್ನೇ ತೆರೆಯಬೇಕು. ಅಜ್ಜಂಪುರದಲ್ಲಿ ಇದು ತಿರುವುಮುರುವಾಗಿದೆ. ಅಲ್ಲಿ ಸಾಕಿ ಬೆಳೆಸುವ ಅಮೃತಮಹಲ್ ದನಗಳ ಪೂರ್ವಿಕರು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆಚಾವಡಿ’ಗೆ ಸೇರಿದ್ದವು, ಅವುಗಳ ಮೈಮೇಲೆ ಅರಸನ ಹೆಸರಿನ ‘ದೇ’ ಎಂಬ ಅಕ್ಷರದ ಮುದ್ರೆಯನ್ನು ಒತ್ತುತ್ತಿದ್ದರು. ಟಿಪ್ಪುವಿನ ಕಾಲದಲ್ಲಿ ಇಲಾಖೆಯ ಹೆಸರು ‘ಅಮೃತಮಹಲ್’ ಎಂದಾಯಿತು. (ತರೀಕೆರೆಯ ಅಮೃತಾಪುರಕ್ಕೂ ಇದಕ್ಕೂ ಹೆಸರಿನ ಹೋಲಿಕೆಯ ಹೊರತು ಸಂಬಂಧವಿಲ್ಲ.) ಚಾವಡಿಯ ಹೆಸರು ಹೋಯಿತು, ಆಳುವವರು ಬದಲಾದರು, ತಳಿ ಉಳಿಯಿತು. ಆ ಕೊಂಬಿನ ಹಿಂಬಾಗು, ಆ ನಡೆಯ ಚುರುಕು, ಇವನ್ನು ಕಂಡು ಗುರುತು ಹಿಡಿಯುವ ದನಗಾಹಿಗೆ ಅಕ್ಷರದ ಹಂಗಿಲ್ಲ.

ಯುನೆಸ್ಕೊ ಸಂಸ್ಥೆಯು 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಮೃತಾಪುರ ಅದರಲ್ಲಿಲ್ಲ. ಮಲ್ಲಿತಮ್ಮನ ಮನೆಯ ಕೊನೆಯ ಕೆಲಸಕ್ಕೆ ಮುದ್ರೆ ಬಿದ್ದಿತು, ಮೊದಲ ಕೆಲಸಕ್ಕೆ ಬೀಳಲಿಲ್ಲ. ಮುದ್ರೆಯ ಮಾತು ಹಾಗಿರಲಿ. ವಿದ್ಯಾರ್ಥಿಗಳಿಗೆ ಇಲ್ಲಿ ಕೈತುಂಬ ಕೆಲಸವಿದೆ. ಅಮೃತಾಪುರದ ಭುವನೇಶ್ವರಿಗಳ ಹೂವಿನ ಎಸಳು, ನುಗ್ಗೇಹಳ್ಳಿಯ ಉತ್ತರಭಾಗದ ವಿಗ್ರಹಗಳ ಮೇಲಿನ ಎಲೆಬಳ್ಳಿಯ ತೋರಣ, ಸೋಮನಾಥಪುರದಲ್ಲಿ ‘ಮಲ್ಲಿತಮ್ಮ’ ಎಂದು ಪೂರ್ತಿ ಬರೆದಿರುವ ವಿಗ್ರಹಗಳ ತೋರಣ, ಬರಿಯ ‘ಮ’ ಇರುವವುಗಳ ತೋರಣ, ಇವನ್ನು ಹೆಸರು ಮುಚ್ಚಿ ಪಕ್ಕಪಕ್ಕದಲ್ಲಿಟ್ಟು, ಎಸಳಿನ ತುದಿ ಯಾವ ಕಡೆಗೆ ಮಡಿಚುತ್ತದೆ, ಉಳಿಯು ಹಿಂಬದಿಯಲ್ಲಿ ಎಷ್ಟು ಆಳಕ್ಕೆ ಹೋಗಿದೆ, ನರಗಳನ್ನು ಮೇಲಿನಿಂದ ಎಳೆದಿದೆಯೋ ಬುಡದಿಂದಲೋ ಎಂದು ಮೊದಲು ವಿಂಗಡಿಸಬೇಕು. ಹೆಸರುಗಳ ಮೇಲಿನ ಮುಸುಕನ್ನು ತೆಗೆಯುವುದು ಆಮೇಲೆ.